ಪುಷ್ಪಾ ಹೊಡೆದ ಈಡು

ಜೂನ್ ೧, ಭಾನುವಾರ

ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಹಂಚಿದ ಡೈರಿ ಇದು. ಸೌಂದರ್ಯ ತಂದು ನನ್ನ ಹಾಸಿಗೆ ಪಕ್ಕ ಇಟ್ಟು, 'ಯಾರ ಹತ್ರಾನೂ ಮಾತಾಡಲ್ಲ ಅಂದ್ರೆ ಬರಿಯಾದ್ರೂ ಬರಿ ಅಪ್ಪ' ಅಂದಿದ್ದಳು. ನನಗೇನಾಗಿದೆ ಬರೆಯೋಕೆ ಅಂತ ಬೀರು ಮೇಲಕ್ಕೆ ಎಸೆದಿದ್ದೆ. ಇವತ್ತು ಇಳಿಸಿಕೊಂಡೆ. ಬರೆಯುವಂಥ ಸಂಗತಿ ಈಗ ಬಂದಿದೆ.

ನಾವು ಆಫ್ರಿಕಕ್ಕೆ ಬೇಟೆಗೆ ಹೋಗ್ತಿದ್ದೀವಿ. ನಾನು, ಹೆಂಡತಿ ಪುಷ್ಪಾ, ಮಗಳು ಸೌಂದರ್ಯ. ಎಚ್.ಡಿ. ಕೋಟೆ ತಾಲ್ಲೂಕಿನಿಂದ ಇಂಥದಕ್ಕೆ ಹೋದವರು ಬೇರೆ ಯಾರಾದರೂ ಇದ್ದರೆ ನನಗೆ ಗೊತ್ತಿಲ್ಲ.

ನನ್ನ ತಮ್ಮ ಬಸವರಾಜು ಮೊದಲು ಪಿರಿಯಾಪಟ್ಟಣ, ಬೆಟ್ಟದಪುರದ ಕಡೆ ಹೊಗೆಸೊಪ್ಪಿನ ಕಂಪನಿಗೆ ಊರೂರು ಸುತ್ತುತ್ತಿದ್ದವನು. ಈಗ ಜಿಂಬಾಬ್ವೆಯ ಕರೋಯಿ ಅನ್ನೋ ಊರಲ್ಲಿ ಅಲ್ಲಿನ ರೈತರಿಗೆ ಆ ಸೊಪ್ಪನ್ನ ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸೋದು ಹೇಳಿಕೊಡ್ತಾನೆ. ಬೆಳಿಗ್ಗೆ ಫೋನ್ ಮಾಡಿ, ಟಿಕೆಟ್ ಆಯ್ತು ಅಂದ. ಅಲ್ಲಿ ಖಾಸಗಿ ಕಾಡುಗಳಿವೆಯಂತೆ. ಸಾವಿರಾರು ಎಕರೆಗೆ ಬೇಲಿ ಹಾಕಿ ಜಿಂಕೆ ಜಾತಿಯವನ್ನು ಸಾಕಿ, ಹೆಚ್ಚಾದಷ್ಟನ್ನು ಪರವಾನಗಿ ಕೊಟ್ಟು ಹೊಡೆಸ್ತಾರಂತೆ. ಕಾನೂನಿಗೆ ತಕ್ಕಂತೆಯೇ. ಇಲ್ಲಿ ಮೊಲ ಹೊಡೆದರೂ ಜೈಲು, ನ್ಯಾಯವೇ. ನಮ್ಮ ತಾತ ಕಾಕನಕೋಟೆ ಕಾಡಲ್ಲಿ ಹುಲಿ ಹೆಜ್ಜೆ ಮೇಲೆ ಹೆಜ್ಜೆ ಇಟ್ಟವನು. ನಾವು ನಾಯಕರು. ಬೇಟೆ ನಮ್ಮ ಮನೆತನದ್ದು. ನನ್ನ ಕಾಲಕ್ಕೆ ಬೆಳೆ ಕಾಯೋ ಕೋವಿ ಒಂದು ಉಳೀತು. ಆದರೂ ಕೊಡಗಿನವರ ಕೈಲ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯೋ ಪಂದ್ಯಕ್ಕೆ ನಾನು ಇಳಿದ ವರ್ಷವೆಲ್ಲ ಬೇರೆಯವರು ಬಹುಮಾನದ ಆಸೆ ಬಿಡಬೇಕಿತ್ತು.

ಬಸವರಾಜು ಯಾಕೆ ಕರೆದ ಅಂತ ನನಗೆ ಗೊತ್ತು. ಆನೆ ವಿಷಯಕ್ಕೆ. ಹೋದ ಸುಗ್ಗಿಯಲ್ಲಿ, ರಾಗಿ ಕೊಯ್ದು ಹಾಕಿದ್ದಾಗ, ಮುಸ್ಸಂಜೆ ಹೊತ್ತಲ್ಲಿ ಒಂಟಿ ಸಲಗ ಬಂತು. ನಾನು ಕೋವಿ ಹಿಡಿದು ಆನೆಕಂದಕದ ಕಡೆ ನೋಡ್ತಾ ನಿಂತಿದ್ದೆ. ಅದು ಹಿಂದಿನ ಲಾಂಟಾನ ಪೊದೆಯಿಂದ ಬಂತು. ಸದ್ದು ಕೇಳಿ ತಿರುಗೋ ಅಷ್ಟರಲ್ಲಿ ನಾನು ನೆಲದ ಮೇಲಿದ್ದೆ. ತೊಡೆ ಮೂಳೆ ಮುರೀತು. ಹುಲ್ಲು ಹೇರೋಕೆ ಬಂದಿದ್ದ ಪುಷ್ಪಾ ಟ್ರ್ಯಾಕ್ಟರ್ ದೀಪ ಹಾಕಿ, ಹಾರನ್ ಒತ್ತಿಕೊಂಡೇ ನೇರ ಅದರ ಮೇಲಕ್ಕೆ ಓಡಿಸಿದಳು. ಆನೆ ಹೋಯ್ತು. ನಾನು ಉಳಿದೆ. ಇದು ನಿಜ, ನಾನು ಇಲ್ಲ ಅಂದಿಲ್ಲ. ಆದರೆ ಅವತ್ತಿಂದ ಊರಿಗೆ ಇದೊಂದೇ ಕಥೆ. ಕೋವಿ ಹಿಡಿದ ಗಂಡ, ಟ್ರ್ಯಾಕ್ಟರ್ ತಂದ ಹೆಂಡತಿ.

ಇರಲಿ. ಅಲ್ಲಿಗೆ ಹೋಗಿ ಬಂದ ಮೇಲೆ ಊರು ಬೇರೆ ಕಥೆ ಹೇಳಬೇಕು.

ಜೂನ್ ೮, ಭಾನುವಾರ

ಹುಣಸೂರಿಗೆ ಹೋಗಿ ಮೂವರಿಗೂ ಬೂಟು ತಂದೆವು. ಹಸಿರು, ಕಂದು ಬಿಟ್ಟು ಬೇರೆ ಬಣ್ಣದ ಬಟ್ಟೆ ತರಬೇಡಿ ಅಂದಿದಾನೆ ಬಸವರಾಜು. ಪುಷ್ಪಾಗೆ ಪ್ಯಾಂಟು ಹಾಕೋದಂದ್ರೆ ಸಂಕೋಚ. ಅಂಗಡಿಯಲ್ಲಿ ಸೌಂದರ್ಯ ಪರದೆ ಹಿಡಿದು ನಿಂತು ಹಾಕಿಸಿದಳು. ಹೊರಗೆ ಬಂದವಳೇ ಪುಷ್ಪಾ ನನ್ನ ಕಡೆ ನೋಡದೆ ಕನ್ನಡಿ ಕಡೆ ನೋಡಿದಳು. ಚೆನ್ನಾಗೇ ಇತ್ತು. ಹೇಳಲಿಲ್ಲ.

ಅಂತರಸಂತೆಯ ಟೀ ಅಂಗಡಿಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು. ಜೊತೆಯಲ್ಲಿ ಓದಿದ ಮಹದೇವಪ್ಪ ಎಲ್ಲರ ಮುಂದೆ, 'ಅಲ್ಲ ಕಣ್ಲಾ, ಇಲ್ಲಿ ಆನೆ ಬಂದ್ರೆ ಎಂಡ್ತಿ ಟ್ರ್ಯಾಕ್ಟರ್ ತತ್ತಾಳೆ. ಅಲ್ಲಿ ಸಿಂಹ ಬಂದ್ರೆ ಯಾರ್ ತತ್ತಾರೆ?' ಅಂದ. ನಾವು ಹೋಗೋ ಕಡೆ ಸಿಂಹ ಇಲ್ಲ, ಬಯಲಲ್ಲಿ ಮೇಯೋ ಪ್ರಾಣಿ ಮಾತ್ರ ಅಂದೆ. ಅದಕ್ಕೆ ಇನ್ನೂ ಜಾಸ್ತಿ ನಕ್ಕರು. ಟೀ ಅರ್ಧಕ್ಕೇ ಬಿಟ್ಟು ಬಂದೆ.

ನಾನು ಹೊಡೆಯಬೇಕು ಅಂತಿರೋದು ಕುಡು ಅನ್ನೋ ಪ್ರಾಣಿ. ಕಡವೆಯಷ್ಟು ಎತ್ತರ, ತಿರುಪು ಹಾಕಿದಂಥ ಉದ್ದ ಕೊಂಬು. ಫೋಟೋ ತೋರಿಸಿದರೆ ನಮ್ಮವ್ವ ಚಿಕ್ಕಮಾದಮ್ಮ, 'ಕುಡ್ಲು ಅಂತಲಾ ಎಸ್ರು? ಇಂಗ್ ತಿರುಚ್ಕೊಂಡಿರೋ ಕುಡ್ಲಲ್ಲಿ ಏನ್ ಕುಯ್ಯದು?' ಅಂತ ಕೇಳ್ತು. ನಾವು ಬರೋವರೆಗೆ ಅವ್ವನ ಜೊತೆ ಪುಷ್ಪಾಳ ತಮ್ಮ ಗೌರೀಶ್ ಕೆ.ಆರ್. ನಗರದಿಂದ ಬಂದು ಇರ್ತಾನೆ. ಹೊಲವನ್ನೂ ನೋಡಿಕೊಳ್ತಾನೆ.

ಸಂಜೆ ಹಿತ್ತಲಲ್ಲಿ ಬಾಳೆ ಎಲೆ ಗಾಳಿಗೆ ಪಟಪಟ ಅಂದಾಗ ಕೈಲಿದ್ದ ಲೋಟ ಬಿತ್ತು. ಲೋಟಕ್ಕೆ ಎಣ್ಣೆ ಜಿಡ್ಡು ಹತ್ತಿತ್ತು. ಯಾರೂ ಸರಿಯಾಗಿ ತೊಳೆಯಲ್ಲ.

ಜೂನ್ ೧೫, ಭಾನುವಾರ

ಹೊರಟೆವು. ವಿಮಾನದಲ್ಲಿ ಬರೀತಿದ್ದೀನಿ. ಪುಷ್ಪಾ ಕಿಟಕಿ ಪಕ್ಕ. ನಾನು ಕೂತ್ಕೋ ಅಂದೆ ಅಂತ ಅಲ್ಲ, ಅವಳೇ ಹೋಗಿ ಕೂತಳು.

ಜೂನ್ ೧೮, ಬುಧವಾರ

ಕರೋಯಿ. ಬೆಟ್ಟದಪುರದಲ್ಲಿ ಇಳಿದ ಹಾಗೇ ಆಯ್ತು. ಅದೇ ಕೆಂಪು ನೆಲ, ಹೊಗೆಸೊಪ್ಪು ಬೇಯಿಸೋ ಅದೇ ಬ್ಯಾರನ್ನು ಮನೆಗಳು, ಬೇಯಿಸಿದ ಸೊಪ್ಪಿನ ಅದೇ ಸಿಹಿ ವಾಸನೆ. ಆದರೆ ನಮ್ಮ ಹತ್ತು ಊರಿನ ಹೊಲ ಸೇರಿಸಿದರೂ ಇಲ್ಲಿನ ಒಂದು ತೋಟಕ್ಕೆ ಸಮ ಇಲ್ಲ. ಈಗ ಇಲ್ಲಿ ಚಳಿಗಾಲ. ಬೆಳಿಗ್ಗೆ ಕೈ ಕೊರೆಯುತ್ತೆ.

ಬಸವರಾಜು ದಪ್ಪ ಆಗಿದಾನೆ. ಜನರ ಜೊತೆ ಅವರ ಶೋನ ಭಾಷೆಯಲ್ಲೇ ಮಾತಾಡ್ತಾನೆ, ಮಧ್ಯೆ ಮಧ್ಯೆ 'ಬುಡು ಬುಡು' ಅಂತಾನೆ, ಅವರೂ ಅದನ್ನ ಕಲಿತಿದಾರೆ. ನನ್ನ ಕಾಲು ನೋಡಿ ಅವನ ಕಣ್ಣು ತುಂಬಿತು. ಕಾಲು ಸರಿ ಆಗಿದೆ ಅಂದೆ. ಊರುಗೋಲು ಅಭ್ಯಾಸಕ್ಕೆ ಮಾತ್ರ.

ಸಂತೆಯಲ್ಲಿ ಒಂದು ಮೂಟೆ ಮುಂದೆ ಪುಷ್ಪಾ ನಿಂತುಬಿಟ್ಟಳು. ರಾಗಿ. ಇಲ್ಲಿ ರಪೋಕೊ ಅಂತಾರೆ. ಬೊಗಸೆಗೆ ಹಾಕಿಕೊಂಡು ಮೂಸಿ ನೋಡಿದಳು. ಮಾರೋ ಹೆಂಗಸು ಏನೋ ಕೇಳಿದಳು, ಪುಷ್ಪಾ ಕನ್ನಡದಲ್ಲೇ ಉತ್ತರ ಕೊಟ್ಟಳು, ಇಬ್ಬರೂ ಬಹಳ ಹೊತ್ತು ಮಾತಾಡಿದರು. ಸಂಜೆ ಮುದ್ದೆ ಆಯ್ತು. ಮುದ್ದೆ ತಿಂದ ಮೇಲೆ ನನಗೂ ಇದು ಪರದೇಶ ಅನ್ನಿಸಲಿಲ್ಲ.

ಜೂನ್ ೨೦, ಶುಕ್ರವಾರ

ಬೇಟೆಯ ಜಾಗಕ್ಕೆ ಬಂದೆವು. ಹುಲ್ಲು ಹೊದಿಸಿದ ಮೂರು ಕೊಠಡಿ, ನಡುವೆ ಬೆಂಕಿ ಹಾಕೋ ಜಾಗ, ಸುತ್ತ ಒಣ ಹುಲ್ಲು ಮುಳ್ಳು ಮರ. ನಮ್ಮನ್ನು ಕರೆದುಕೊಂಡು ಹೋಗೋನು ಟೆಂಡೈ ಮೊಯೊ. ಇಲ್ಲಿ ಬೇಟೆಗೆ ಜೊತೆ ಹೋಗೋಕೆ ಪರೀಕ್ಷೆ ಪಾಸಾಗಿ ಸರ್ಕಾರದ ಲೈಸೆನ್ಸ್ ತಗೋಬೇಕು, ಅವನು ತಗೊಂಡಿದಾನೆ. ನಲವತ್ತು ದಾಟಿರಬೇಕು. ಮಾತು ಕಡಿಮೆ. ಅವನ ಇಂಗ್ಲಿಷನ್ನು ಸೌಂದರ್ಯ ನಮಗೆ ಹೇಳ್ತಾಳೆ. ಅವಳು ಹಾಸನದಲ್ಲಿ ಪಶುವೈದ್ಯಕೀಯ ಓದ್ತಿರೋದು ಕೇಳಿ ಅವನಿಗೆ ಬಹಳ ಖುಷಿ ಆಯ್ತು.

ಮೊದಲು ಕಾಗದದ ಗುರಿಗೆ ಹೊಡೆದು ತೋರಿಸಬೇಕಂತೆ. ರೈಫಲ್ ಅವರದೇ. ಇಲ್ಲಿ ನಿಂತು ಹೊಡೀತಾರೆ, ನಳಿಗೆಗೆ ಆಸರೆಯಾಗಿ ಮೂರು ಕಾಲಿನ ಕೋಲು ನೆಡ್ತಾರೆ. ನನ್ನ ಮೊದಲ ಈಡೇ ನಡುಮಧ್ಯ. ಎರಡನೆಯದು ಅದನ್ನು ತಾಗಿಕೊಂಡು. ಟೆಂಡೈ ಟೋಪಿ ಎತ್ತಿದ. ದೇವರಾಜು ಇನ್ನೂ ದೇವರಾಜುನೇ ಅಂತ ಬಸವರಾಜುಗೆ ಹೇಳಿದೆ.

ಅವನು ಸುಮ್ಮನಿರದೆ, 'ಅತ್ತಿಗೆ ನೀವೂ ಒಂದ್ ಈಡು' ಅಂದ. ನನಗ್ಯಾಕಪ್ಪಾ ಅಂತಂತಲೇ ಪುಷ್ಪಾ ಹೋಗಿ ನಿಂತಳು. ಟೆಂಡೈ ಹಿಡಿಯೋದು ಹೇಳಿಕೊಟ್ಟ. ಅವಳು ಆತುರ ಮಾಡಲಿಲ್ಲ. ಸೂಜಿಗೆ ದಾರ ಪೋಣಿಸುವಾಗ ಹೇಗಿರ್ತಾಳೋ ಹಾಗೇ ಇದ್ದಳು. ನನ್ನ ಗುರುತಿನ ಪಕ್ಕದಲ್ಲೇ ಬಿತ್ತು. ಕಾಗದ ಹತ್ತಿರ ಇಟ್ಟಿದಾರೆ, ರೈಫಲ್ ಮೇಲೆ ದುರ್ಬೀನು ಬೇರೆ ಇದೆ, ಯಾರು ಹೊಡೆದರೂ ಬೀಳುತ್ತೆ ಅಂದೆ. ಪುಷ್ಪಾ ಭುಜ ಉಜ್ಜಿಕೊಂಡು ನಕ್ಕಳು.

ನಾಳೆ ಕುಡು.

ಜೂನ್ ೨೧, ಶನಿವಾರ

ಆಗಲಿಲ್ಲ. ಗಾಳಿ ತಿರುಗಿತು.

ನಡೆದದ್ದು ಇಷ್ಟು. ಬೆಳಿಗ್ಗೆಯಿಂದ ಹೆಜ್ಜೆ ನೋಡಿಕೊಂಡು ನಡೆದೆವು, ಟೆಂಡೈ ಮುಂದೆ, ಆಮೇಲೆ ನಾನು, ಹಿಂದೆ ಪುಷ್ಪಾ ಮತ್ತು ಸೌಂದರ್ಯ. ಬಿಸಿಲೇರೋ ಹೊತ್ತಿಗೆ ಟೆಂಡೈ ಕೈ ಎತ್ತಿದ. ಎದುರು ದಿಣ್ಣೆ ಮೇಲೆ ಕುಡು ಗಂಡು ನಿಂತಿತ್ತು. ಬೂದು ಮೈಗೆ ಸುಣ್ಣದ ಗೆರೆ ಎಳೆದ ಹಾಗೆ ಪಟ್ಟೆ. ಕೊಂಬು ನೋಡ್ತಾನೇ ನಿಂತೆ. ಅಷ್ಟು ಚೆಂದ. ಟೆಂಡೈ ಕೋಲು ನೆಟ್ಟ. ನಾನು ರೈಫಲ್ ಇಟ್ಟೆ. ಅಡ್ಡಲಾಗಿ ನಿಂತಿತ್ತು, ಅದಕ್ಕಿಂತ ಒಳ್ಳೆ ಅವಕಾಶ ಇರಲ್ಲ.

ಹಿಂದೆ ಪೊದೆ ಮುರಿದ ಸದ್ದಾಯ್ತು.

ಕಾಡುಕೋಳಿ ಥರದ ಹಕ್ಕಿಗಳು, ಆಮೇಲೆ ನೋಡಿದೆ. ಆದರೆ ಟ್ರಿಗರ್ ಮೇಲಿದ್ದ ಬೆರಳು ನನ್ನದಲ್ಲ ಅನ್ನೋ ಹಾಗೆ ಆಗಿತ್ತು. ಕುಡು ಒಂದು ಸಲ ನಮ್ಮ ಕಡೆ ನೋಡಿ, ಆತುರವೇ ಇಲ್ಲದೆ ದಿಣ್ಣೆ ಇಳಿದು ಹೋಯ್ತು.

ಗಾಳಿ ತಿರುಗಿತು, ನಮ್ಮ ವಾಸನೆ ಅದಕ್ಕೆ ಸಿಕ್ಕಿತು ಅಂದೆ. ಸೌಂದರ್ಯ ಅದನ್ನ ಇಂಗ್ಲಿಷಲ್ಲಿ ಹೇಳಿದಳು. ಟೆಂಡೈ ಬೂದಿ ತುಂಬಿದ ಬಟ್ಟೆಚೀಲವನ್ನು ಅಲ್ಲಾಡಿಸಿ ಗಾಳಿ ನೋಡಿದ, ಹೌದು ಅಂತ ತಲೆಯಾಡಿಸಿದ. ಬೂದಿ ನನ್ನ ಮುಖದ ಮೇಲೇ ಬಂದು ಬಿತ್ತು. ಅಂದರೆ ಗಾಳಿ ಇನ್ನೂ ದಿಣ್ಣೆ ಕಡೆಯಿಂದಲೇ ಬೀಸ್ತಿತ್ತು, ತಿರುಗಿರಲಿಲ್ಲ. ಅವನು ಒಳ್ಳೆಯವನು.

ಜೂನ್ ೨೨, ಭಾನುವಾರ

ಹೊಟ್ಟೆ ಸರಿಯಿಲ್ಲ. ಹೋಗಲಿಲ್ಲ.

ಜೂನ್ ೨೩, ಸೋಮವಾರ

ಬೆಳಿಗ್ಗೆ ಹೋದೆವು. ಇಂಪಾಲ ಅಂತ ಜಿಂಕೆ ಜಾತಿಯದು, ಸುಲಭದ ಗುರಿ. ಕೋಲಿನ ಮೇಲೆ ರೈಫಲ್ ಇಟ್ಟರೆ ಕೋಲೇ ಕಟಕಟ ಅಂತು. ಇಂಪಾಲಗಳು ಕಿವಿ ನಿಮಿರಿಸಿ ಓಡಿದವು. ಕೋಲಿನ ಕಟ್ಟು ಸಡಿಲ ಆಗಿದೆ ಅಂದೆ. ಸೌಂದರ್ಯ ಮೆಲ್ಲಗೆ, 'ಅಪ್ಪ, ಕೋಲಲ್ಲ, ನಿನ್ ಕೈ' ಅಂದಳು. ಟೆಂಡೈ ಮುಂದೆ ಅವಳಿಗೆ ಜೋರು ಮಾಡಿಬಿಟ್ಟೆ. ಅವನಿಗೆ ಕನ್ನಡ ಬರಲ್ಲ, ಆದರೂ ಬೇರೆ ಕಡೆ ತಿರುಗಿಕೊಂಡ.

ಮಧ್ಯಾಹ್ನ ಊಟ ಆದಮೇಲೆ ನಾನು ಮರದ ಕೆಳಗೆ ಒಬ್ಬನೇ ಕೂತಿದ್ದೆ. ಪುಷ್ಪಾ ಬಂದು ಪಕ್ಕದಲ್ಲಿ ಕೂತಳು. ಬೂಟಿಗೆ ಹತ್ತಿದ್ದ ಮುಳ್ಳು ಕಿತ್ತಳು. ಆಮೇಲೆ, 'ನಾಳೆ ನಾನು ಹೊಡೀಲಾ?' ಅಂದಳು.

ಇಷ್ಟು ದೂರ ಬಂದದ್ದು ಯಾತಕ್ಕೆ ಅಂತ ಇವಳಿಗೆ ಗೊತ್ತಿಲ್ವಾ ಅನ್ನಿಸ್ತು.

'ನೀವು ಪಕ್ಕದಲ್ಲಿ ಇದ್ರೆ ಹೊಡೀತೀನಿ. ಇಲ್ಲಾಂದ್ರೆ ಬ್ಯಾಡ' ಅಂದಳು. 'ನಂಗೂ ಭಯಾನೇ. ಅವತ್ತು ಟ್ರ್ಯಾಕ್ಟರ್ ಮ್ಯಾಲೆ ಕಾಲು ಯಂಗ್ ನಡುಗ್ತಿತ್ತು ಅಂದ್ರೆ ಕ್ಲಚ್ಚು ಸಿಗ್ತಾನೇ ಇರ್ಲಿಲ್ಲ. ಊರೋರೆಲ್ಲ ಶಭಾಷ್ ಅಂದ್ರು. ಭಯ ಆಯ್ತಾ ಅಂತ ಒಬ್ರೂ ಕೇಳ್ಳಿಲ್ಲ.'

ನಾನೂ ಕೇಳಿರಲಿಲ್ಲ. ಈಗ ಕೇಳಿದೆ. ಅವಳು ಹೇಳಿದಳು. ಆನೆ ಬಂದ ಆ ಸಂಜೆಯದನ್ನೆಲ್ಲ ಹೇಳಿದಳು, ಮೊದಲ ಗೇರಿನಿಂದ ಹಿಡಿದು. ದೀಪದಲ್ಲಿ ಅದರ ದಂತ ಕಂಡದ್ದು, ನಾನು ಸತ್ತಿದೀನಿ ಅಂದುಕೊಂಡೇ ಓಡಿಸಿದ್ದು, ಆಮೇಲೆ ಟ್ರ್ಯಾಕ್ಟರ್ ನಿಲ್ಲಿಸೋದೇ ಮರೆತು ಹುಲ್ಲಿನ ಬಣವೆಗೆ ಗುದ್ದಿದ್ದು. ಬಣವೆ ಬಿದ್ದದ್ದು ಆನೆಯಿಂದ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಇಬ್ಬರೂ ನಕ್ಕೆವು. ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು.

ಸೌಂದರ್ಯ ದೂರದಿಂದ ನೋಡ್ತಿದ್ದಳು. ಕರೆದು ಹತ್ತಿರ ಕೂರಿಸಿಕೊಂಡೆ.

ನಾಳೆ ಪುಷ್ಪಾನೇ ಹೊಡೀಲಿ. ಹೇಗೂ ನನ್ನ ಹೊಟ್ಟೆ ಇನ್ನೂ ಪೂರ್ತಿ ಸರಿಯಾಗಿಲ್ಲ.

ಜೂನ್ ೨೪, ಮಂಗಳವಾರ

ಕಿವಿ ಇನ್ನೂ ಗುಂಯ್ ಅಂತಿದೆ. ಆದರೂ ಇವತ್ತಿನದನ್ನು ಪೂರ್ತಿ ಬರೆಯಬೇಕು, ಒಂದನ್ನೂ ಬಿಡಬಾರದು.

ಬೆಳಿಗ್ಗೆ ವೈಲ್ಡ್‌ಬೀಸ್ಟ್ ಹಿಂಡು ಸಿಕ್ಕಿತು. ಎಮ್ಮೆಯ ಕೊಂಬು, ಕುದುರೆಯ ಜೂಲು, ಹೋತದ ಗಡ್ಡ, ಮೂರೂ ಒಂದೇ ಪ್ರಾಣಿಗೆ. ಮುಳ್ಳು ಮರಗಳ ನೆರಳಲ್ಲಿ ನಿಂತಿದ್ದವು. ಟೆಂಡೈ ಹೊಟ್ಟೆ ಮೇಲೆ ತೆವಳಿದ. ಅವನ ಹಿಂದೆ ಪುಷ್ಪಾ. ಅವಳ ಹಿಂದೆ ನಾನು. ಹುಲ್ಲಿನ ತೆನೆ ಅವಳ ಕೂದಲಿಗೆ ಅಂಟಿಕೊಳ್ತಿತ್ತು, ತೆಗೆದುಹಾಕೋಣ ಅನ್ನಿಸ್ತು, ಕೈ ಎತ್ತೋ ಹಾಗಿರಲಿಲ್ಲ. ಒಂಟಿ ಗಂಡೊಂದು ಹಿಂಡಿನಿಂದ ಸ್ವಲ್ಪ ಈಚೆ ನಿಂತಿತ್ತು. ಮುದಿ, ಒಂದು ಕೊಂಬಿನ ತುದಿ ಸವೆದಿತ್ತು. ಅದೇ ಅಂದ ಟೆಂಡೈ.

ನಿಂತು, ಕೋಲಿನ ಮೇಲೆ ರೈಫಲ್ ಇಟ್ಟಳು. ನಾನು ಅವಳ ಕಿವಿ ಹತ್ತಿರ, ಮುಂಗಾಲಿನ ನೇರಕ್ಕೆ ಮೇಲೆ ಬಾ, ಕೆಳಗಿಂದ ಮೈಯ ಮೂರನೇ ಒಂದು ಭಾಗದಲ್ಲಿ ನಿಲ್ಲು, ಆತುರ ಬ್ಯಾಡ ಅಂದೆ. ಹೊಡೆದಳು. ಹೊಡೆಯೋ ಗಳಿಗೆಗೆ ಅದು ಒಂದು ಹೆಜ್ಜೆ ಮುಂದಕ್ಕೆ ಇಟ್ಟಿತು. ಗುಂಡು ಹಿಂದಕ್ಕೆ ಬಿತ್ತು. ಪ್ರಾಣಿ ಬಾಗಿತು, ಎದ್ದಿತು, ಹಿಂಡಿನ ಜೊತೆ ದೂಳಲ್ಲಿ ಮಾಯ ಆಯ್ತು.

ನೆಲದ ಮೇಲೆ ರಕ್ತ ಇತ್ತು. ಕಡಿಮೆ, ಕಪ್ಪು. ಟೆಂಡೈ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ ಸೌಂದರ್ಯಗೆ ತೋರಿಸಿದ. ಅವಳ ಮುಖ ಸಣ್ಣಗಾಯ್ತು. ಹೊಟ್ಟೆಗೆ ಬಿದ್ದಿದೆ, ಬೇಗ ಸಾಯಲ್ಲ, ನರಳುತ್ತೆ ಅಂದಳು. ಪುಷ್ಪಾ ನಿಂತಲ್ಲೇ ಅತ್ತಳು, ಸದ್ದಿಲ್ಲದೆ. ಟೆಂಡೈ ಹೇಳಿದ್ದನ್ನ ಸೌಂದರ್ಯ ಹೇಳಿದಳು: ಇದು ಬಹಳ ಗಟ್ಟಿ ಪ್ರಾಣಿ, ಗಾಯ ಆದರೆ ದಟ್ಟ ಪೊದೆ ಸೇರುತ್ತೆ, ತಿರುಗಿಬೀಳಬಹುದು. ನೀವೆಲ್ಲ ಗಾಡಿ ಹತ್ತಿರ ಇರಿ, ನಾನು ಹೋಗಿ ಮುಗಿಸಿ ಬರ್ತೀನಿ.

ಪುಷ್ಪಾ ಸೆರಗಿಲ್ಲದ್ದಕ್ಕೆ ಅಂಗಿ ತೋಳಲ್ಲಿ ಕಣ್ಣು ಒರೆಸಿಕೊಂಡಳು. 'ಒಡ್ದೋಳು ನಾನು. ಅದು ನೋವಲ್ಲಿ ಬಿದ್ದಿರುವಾಗ ನಾನೋಗಿ ಗಾಡೀಲಿ ಕೂತ್ಕೊಳ್ಳಾಕಾಗಲ್ಲ' ಅಂದಳು. ಸೌಂದರ್ಯ ಇಂಗ್ಲಿಷಿಗೆ ತಿರುಗಿಸೋ ಅಗತ್ಯವೇ ಬೀಳಲಿಲ್ಲ. ಟೆಂಡೈ ಅವಳ ಮುಖ ನೋಡಿ ರೈಫಲ್ ಅವಳ ಕೈಗೇ ಕೊಟ್ಟ.

ಸೌಂದರ್ಯಳನ್ನ ಗಾಡಿಯಲ್ಲಿದ್ದ ಬಸವರಾಜು ಜೊತೆ ಸ್ವಲ್ಪ ಹಿಂದೆ ಬಿಟ್ಟು ನಾವು ಮೂವರು ಹೊರಟೆವು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ರಕ್ತದ ಹನಿ ಸಿಗ್ತಿತ್ತು, ಕಳೆದುಹೋಗ್ತಿತ್ತು. ಒಂದು ಕಡೆ ಏನೂ ಕಾಣದೆ ಟೆಂಡೈ ಸುತ್ತು ಹಾಕ್ತಿದ್ದಾಗ ಪುಷ್ಪಾ ಮಂಡಿಯೂರಿ, ಹುಲ್ಲಿನ ಎಳೆಗಳನ್ನ ಒಂದೊಂದೇ ಬಿಡಿಸಿ ನೋಡ್ತಾ ಹೋದಳು. ರಾಗಿ ಪೈರಲ್ಲಿ ಕಳೆ ಕೀಳುವಾಗ ಹಾಗೇ ಮಾಡ್ತಾಳೆ. ಒಂದು ಎಳೆಯ ಅಡಿಭಾಗಕ್ಕೆ ಅಂಟಿದ್ದ ಹನಿ ಅವಳಿಗೇ ಸಿಕ್ಕಿತು. ನೀರು ಕುಡಿ ಅಂದರೆ, ಆ ಜೀವಕ್ಕೆ ಯಾರು ಕೊಟ್ಟಿದಾರೆ ಅಂದಳು. ನಾನೂ ಕುಡಿಯಲಿಲ್ಲ.

ಕೊನೆಗೆ ಹೆಜ್ಜೆ ಒಂದು ಹಳ್ಳದ ಪೊದೆಗೆ ಇಳೀತು. ಮುಳ್ಳಿನ ಗೋಡೆ. ಕೈ ಚಾಚಿದರೆ ಕೈ ಕಾಣದಷ್ಟು ದಟ್ಟ. ಟೆಂಡೈ ತನ್ನ ರೈಫಲನ್ನು ಮುಂದಕ್ಕೆ ಹಿಡಿದು ಬಗ್ಗಿ ಒಳಗೆ ಹೋದ. ಹಿಂದೆ ಪುಷ್ಪಾ. ಅವಳ ಬೆನ್ನಿಗೆ ಮುಳ್ಳು ಗೀರದಿರಲಿ ಅಂತ ಕೊಂಬೆಗಳನ್ನ ನಾನು ಎತ್ತಿ ಹಿಡೀತಾ ಹೋದೆ. ಊರುಗೋಲು ಎಲ್ಲಿ ಬಿಟ್ಟೆನೋ ಗೊತ್ತಿಲ್ಲ, ಅದು ಇದ್ದಿದ್ದರೆ ಎರಡೂ ಕೈ ಖಾಲಿ ಇರ್ತಿರಲಿಲ್ಲ, ಒಳ್ಳೇದೇ ಆಯ್ತು.

ಎಡಗಡೆ ಕೊಂಬೆ ಮುರೀತು. ಅದು ಎದ್ದು ನಿಂತಿತು, ನಮ್ಮ ಕಡೆಗೇ ಮುಖ. ಉಸಿರಾಡೋ ಸದ್ದು ಕೇಳಿಸೋ ಅಷ್ಟು ಹತ್ತಿರ. ತಲೆ ಬಗ್ಗಿಸಿತು. ಟೆಂಡೈ ತನ್ನ ರೈಫಲ್ ಗುರಿ ಅದರ ಮೇಲೆ ಇಟ್ಟುಕೊಂಡೇ ಪುಷ್ಪಾಗೆ ಹೊಡಿ ಅಂತ ಕಣ್ಣಲ್ಲಿ ಹೇಳಿದ. ಮೂರು ಕಾಲಿನ ಕೋಲು ನೆಡೋಕೆ ಅಲ್ಲಿ ಜಾಗ ಇಲ್ಲ. ದಿನವೆಲ್ಲ ಹೊತ್ತು ತಿರುಗಿದ ಕೈ ಅವಳದು, ನಳಿಗೆ ಮೇಲೆ ಕೆಳಗೆ ಆಡ್ತಿತ್ತು. ಇನ್ನೊಂದು ಸಲ ತಪ್ಪಿದರೆ ಅವಳು ಜನ್ಮದಲ್ಲಿ ಮರೆಯಲ್ಲ ಅಂತ ನನಗೆ ಗೊತ್ತಿತ್ತು.

ನಾನು ಅವಳ ಮುಂದಕ್ಕೆ ಹೋಗಿ ಬೆನ್ನು ಕೊಟ್ಟು ಸ್ವಲ್ಪ ಬಗ್ಗಿ ನಿಂತೆ. ಬೆರಳಲ್ಲಿ ಎರಡೂ ಕಿವಿ ಮುಚ್ಚಿಕೊಂಡೆ. ಅವಳಿಗೆ ತಕ್ಷಣ ಅರ್ಥ ಆಯ್ತು. ನಳಿಗೆ ನನ್ನ ಬಲ ಭುಜದ ಮೇಲೆ ಬಂದು ಕೂತಿತು. ನನ್ನ ಎದುರಿಗೆ ಅದರ ಮುಖ, ಅದರ ಕಣ್ಣು.

'ಪುಷ್ಪಾ, ನಾನು ಅಲ್ಲಾಡಲ್ಲ. ನಿಧಾನಕ್ಕೆ ಹೊಡಿ.'

ಹೊಡೆದಳು. ಅದು ನಿಂತಲ್ಲೇ ಕುಸೀತು. ಮತ್ತೆ ಕಾಲು ಕೂಡ ಝಾಡಿಸಲಿಲ್ಲ.

ಎಂಥ ಈಡು! ದಿನವಿಡೀ ಮುಳ್ಳಲ್ಲಿ ಅಲೆದು, ಊಟ ಇಲ್ಲದೆ ನೀರಿಲ್ಲದೆ, ಅಷ್ಟು ಹತ್ತಿರ ಅದು ತಲೆ ಬಗ್ಗಿಸಿ ನಿಂತಿರುವಾಗ, ಕೋವಿ ಮುಟ್ಟಿ ವಾರ ಆಗದ ಹೆಂಗಸು ಹೊಡೆದ ಈಡು. ನಮ್ಮ ತಾತ ಇದ್ದಿದ್ದರೆ ಎದ್ದು ನಿಲ್ತಿದ್ದ. ನನ್ನ ತೆಂಗಿನಕಾಯಿಗಳೆಲ್ಲ ಸೇರಿದರೂ ಇದಕ್ಕೆ ಸಮ ಇಲ್ಲ. ತೆಂಗಿನಕಾಯಿ ತಲೆ ಬಗ್ಗಿಸಿ ಬರಲ್ಲ.

ಪುಷ್ಪಾ ರೈಫಲ್ ಟೆಂಡೈ ಕೈಗೆ ಕೊಟ್ಟು ಅದರ ತಲೆ ಪಕ್ಕ ಕೂತಳು. ಬಾಟ್ಲಿ ತೆಗೆದು ಅದರ ಬಾಯಿಗೆ ನೀರು ಬಿಟ್ಟಳು, ನಮ್ಮಲ್ಲಿ ಹೋದವರಿಗೆ ಬಿಡೋ ಹಾಗೆ. ಆಮೇಲೆ ತಾನು ಕುಡಿದಳು. ಉಳಿದದ್ದು ನನಗೆ ಕೊಟ್ಟಳು. ಟೆಂಡೈ ಟೋಪಿ ತೆಗೆದು ನಿಂತಿದ್ದ.

ಸೌಂದರ್ಯ ಓಡಿ ಬಂದು ಅಮ್ಮನ್ನ ತಬ್ಬಿಕೊಂಡಳು. ಟೆಂಡೈ ಅವಳಿಗೆ ನಡೆದದ್ದು ಹೇಳಿದ. ಅವಳು ನನ್ನ ಕಡೆ ತಿರುಗಿ, 'ನೀನು ಅಲ್ಲಾಡಲೇ ಇಲ್ವಂತೆ ಅಪ್ಪ, ಕಂಬದ್ ಥರ ಇದ್ಯಂತೆ' ಅಂದಳು. ಇದೆಂಥ ಮಾತು, ಅಲ್ಲಾಡಿದ್ರೆ ನಿಮ್ಮವ್ವಂಗೆ ಗುರಿ ತಪ್ತಿರಲಿಲ್ವಾ ಅಂದೆ. ಅವಳು ಯಾಕೋ ನನ್ನ ಕೈ ಹಿಡಿದುಕೊಂಡು ಗಾಡಿವರೆಗೂ ಬಿಡಲಿಲ್ಲ.

ಫೋಟೋ ತೆಗೆಯುವಾಗ ಬಸವರಾಜು ನನಗೆ ಕೊಂಬು ಹಿಡಿದು ಕೂರು ಅಂದ. ನನಗ್ಯಾಕೋ ಅಂದೆ. ಪುಷ್ಪಾ ಕೂತಳು. ನಾನು ಹಿಂದೆ ನಿಂತೆ. ಅದಕ್ಕೂ ಮೊದಲು ಅವಳ ಕೂದಲಿಂದ ಹುಲ್ಲಿನ ತೆನೆ ಎಲ್ಲ ತೆಗೆದೆ.

ಜೂನ್ ೨೫, ಬುಧವಾರ

ಮಾಂಸದಲ್ಲಿ ನಮ್ಮ ಊಟಕ್ಕೆ ಬೇಕಾದಷ್ಟು ಬಿಟ್ಟು ಉಳಿದದ್ದೆಲ್ಲ ಪಕ್ಕದ ಹಳ್ಳಿಯ ಶಾಲೆಗೆ. ಇಲ್ಲಿನ ಪದ್ಧತಿ ಅದು. ನಾವೇ ಗಾಡಿಯಲ್ಲಿ ತಗೊಂಡು ಹೋದೆವು. ಹೋಗೋಕೆ ಮುಂಚೆ ಸೌಂದರ್ಯ ಮಾಂಸ ಬಿಡಿಸೋ ಕಡೆ ನಿಂತು ಎದೆಗುಂಡಿಗೆ, ಶ್ವಾಸಕೋಶ ಎಲ್ಲ ನೋಡಿ, ಹಲ್ಲು ನೋಡಿ, ಬಹಳ ವಯಸ್ಸಾಗಿತ್ತು, ಮುಂದಿನ ಬೇಸಿಗೆ ದಾಟ್ತಿರಲಿಲ್ಲ ಅಂತ ಪುಷ್ಪಾಗೆ ಹೇಳಿದಳು. ಪುಷ್ಪಾ ಅವಳ ಮಾತನ್ನ ಡಾಕ್ಟರ ಮಾತು ಕೇಳೋ ಹಾಗೇ ಕೇಳಿದಳು. ಬಂದಾಗಿನಿಂದ ಇವತ್ತೇ ಅವಳು ಹಗುರಾಗಿ ಕಂಡದ್ದು.

ಶಾಲೆಯ ಅಂಗಳದಲ್ಲಿ ಹೆಂಗಸರು ದೊಡ್ಡ ದೊಡ್ಡ ಪಾತ್ರೆ ಇಟ್ಟುಕೊಂಡು ಕಾಯ್ತಿದ್ದರು. ಟೆಂಡೈ ಅವರ ಭಾಷೆಯಲ್ಲಿ ನಿನ್ನೆಯ ಕಥೆ ಹೇಳಿದ. ಬಗ್ಗಿ ತೋರಿಸಿದ, ಭುಜ ತೋರಿಸಿದ, ಢಂ ಅಂದ. ಹೆಂಗಸರು ಅಂಗೈ ಬೋಗುಣಿ ಮಾಡಿ ಚಪ್ಪಾಳೆ ತಟ್ಟಿದರು. ಇಲ್ಲಿ ಮರ್ಯಾದೆ ಕೊಡೋದು ಹಾಗೆ ಅಂತ ಬಸವರಾಜು ಹೇಳಿದ. ಪುಷ್ಪಾ ಏನು ಮಾಡಬೇಕು ಅಂತ ತಿಳಿಯದೆ ಎರಡೂ ಕೈ ಮುಗಿದಳು. ಆಮೇಲೆ ತೋಳು ಮಡಿಸಿ ಅವರ ಜೊತೆ ಮಾಂಸ ಹೆಚ್ಚೋಕೆ ಕೂತಳು. ಬಾಣಲೆಗೆ ನಮ್ಮವ್ವ ಕಟ್ಟಿಕೊಟ್ಟ ಖಾರದಪುಡಿ ಬಿತ್ತು. ಒಬ್ಬಳು ರುಚಿ ನೋಡಿ ಊರೆಲ್ಲ ಕೇಳೋ ಹಾಗೆ ಕೂಗಿದಳು, ಮತ್ತೆ ಇನ್ನೊಂದು ಚಮಚ ಕೇಳಿದಳು.

ಶಾಲೆಯ ಹಿರಿಯ ಮೇಡಂ ಒಬ್ಬರು ನನ್ನ ಹತ್ತಿರ ಬಂದು ಇಂಗ್ಲಿಷಲ್ಲಿ, ನೀವು ಯಾರು ಅಂತ ಕೇಳಿದರು. ಸೌಂದರ್ಯ ಪಕ್ಕದಲ್ಲಿ ಇರಲಿಲ್ಲ. ನನಗೆ ಬರೋ ಇಂಗ್ಲಿಷಲ್ಲೇ, 'ಐ ಯಾಮ್ ಪುಷ್ಪಾ ಹಸ್ಬೆಂಡ್' ಅಂದೆ. ಅವರು ನನಗೂ ಅಂಗೈ ಬೋಗುಣಿ ಮಾಡಿ ಚಪ್ಪಾಳೆ ತಟ್ಟಿದರು.

ಕುಡು ಹೊಡೀತೀಯಾ ಅಣ್ಣ, ಇನ್ನೂ ಒಂದು ದಿನ ಇದೆ ಅಂತ ಬಸವರಾಜು ಕೇಳಿದ. ಬ್ಯಾಡ ಬುಡು ಅಂದೆ. ನಾಳೆ ಬೆಳಿಗ್ಗೆ ಪುಷ್ಪಾಗೂ ಸೌಂದರ್ಯಗೂ ಆ ದಿಣ್ಣೆ ಹತ್ತಿರ ಅದನ್ನ ಸುಮ್ಮನೆ ತೋರಿಸಿಕೊಂಡು ಬರ್ತೀನಿ. ಅವತ್ತು ಅವರಿಬ್ಬರೂ ನನ್ನ ಬೆನ್ನು ನೋಡ್ತಿದ್ದರು, ಅದನ್ನ ಸರಿಯಾಗಿ ನೋಡಲೇ ಇಲ್ಲ.

ಜುಲೈ ೧೪, ಸೋಮವಾರ

ಊರಿಗೆ ಬಂದು ಬಹಳ ದಿನ ಬರೆಯಲಿಲ್ಲ. ಬಿತ್ತನೆ ಕೆಲಸ ಇತ್ತು. ಗೌರೀಶ್ ಹೋದ ಮೇಲೆ ಹೊಲಕ್ಕೆ ನಾನೇ ಹೋಗ್ತಿದ್ದೀನಿ.

ಇವತ್ತು ನಾನು, ಪುಷ್ಪಾ ಮೈಸೂರಿನ ಡಿ.ಸಿ. ಆಫೀಸಿಗೆ ಹೋಗಿದ್ದೆವು. ಬೆಳೆ ಕಾಯೋ ಕೋವಿಗೆ ಪುಷ್ಪಾ ಹೆಸರಲ್ಲೂ ಲೈಸೆನ್ಸ್ ಬೇಕು ಅಂತ. ಇದು ನನ್ನದೇ ಯೋಚನೆ. ಅವಳು ಮೊದಲು ಜನ ಏನಂತಾರೆ ಅಂದಳು, ಆಮೇಲೆ ಬೆಳಿಗ್ಗೆ ನನಗಿಂತ ಮುಂಚೆ ರೆಡಿಯಾಗಿ ಬಸ್ ಸ್ಟಾಂಡಲ್ಲಿ ನಿಂತಿದ್ದಳು.

ಉಷಾರಾಣಿ ಅನ್ನೋ ಮೇಡಂ ಕೂತಿದ್ದರು. ಕನ್ನಡಕದ ಮೇಲಿಂದ ನನ್ನನ್ನ ನೋಡಿ, ನಿಮಗಾ ಅಂದರು. ಅಲ್ಲ, ಇವರಿಗೆ ಅಂದೆ. ಅವರು ಪುಷ್ಪಾನ ನೋಡಿದರು. ರೇಷ್ಮೆ ಅಂಚಿನ ಸೀರೆ, ಮಲ್ಲಿಗೆ ಹೂ, ಕೈಲಿ ಊಟದ ಡಬ್ಬಿ ಇದ್ದ ಚೀಲ.

ಬೇರೆಯವರ ಥರ ಗೇಲಿಗಲ್ಲ, ತಿಳಿದುಕೊಳ್ಳೋಕೇ ಅನ್ನೋ ಹಾಗೆ ಅವರು ಕೇಳಿದರು, 'ಇವರಿಗೆ ಕೋವಿ ಹಿಡಿದು ಅಭ್ಯಾಸ ಇದೆಯಾ?'

ಪುಷ್ಪಾ ಬಾಯಿ ತೆರೆದಳು. ಅವಳಿಗಿಂತ ಮುಂಚೆ ನಾನೇ ಅಂದೆ, 'ಮೇಡಂ, ನಿಮಗೆ ಸ್ವಲ್ಪ ಟೈಮ್ ಐತಾ?'

ಅವರು ನಕ್ಕು ಮುಂದಿದ್ದ ಕುರ್ಚಿ ತೋರಿಸಿದರು. ಒಂದೇ ಕುರ್ಚಿ ಇತ್ತು. ಪುಷ್ಪಾ ಕೂತಳು. ನಾನು ನಿಂತುಕೊಂಡೇ ಶುರು ಮಾಡಿದೆ.